ಸ್ಪೀಕರ್ ಹಿಂದೆ ಬರೆದಿರುವ ಹೆಸರು

ಸ್ಪೀಕರ್ ತಿರುಗಿಸಿ ನೋಡಿದರೆ ತಂತಿ ಸಿಕ್ಕಿಸುವ ಜಾಗದ ಹತ್ತಿರ 4 ಓಮ್ ಅಥವಾ 8 ಓಮ್ ಎಂದು ಬರೆದಿರುತ್ತದೆ. ಈ ಓಮ್ ಒಬ್ಬ ಶಾಲಾ ಮೇಷ್ಟ್ರ ಹೆಸರು.

ಜಾರ್ಜ್ ಸೈಮನ್ ಓಮ್ ಅವರು 1789ರ ಮಾರ್ಚ್ 16ರಂದು ಜರ್ಮನಿಯ ಎರ್ಲಾಂಗೆನ್‌ನಲ್ಲಿ ಹುಟ್ಟಿದರು. ತಂದೆ ಬೀಗ ಮಾಡುವ ಕೆಲಸದವರು. ತಾವೇ ಓದಿ ಕಲಿತು ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಟ್ಟರು. ಓಮ್ ಅವರಿಗೆ ಹತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ವಿಶ್ವವಿದ್ಯಾಲಯಕ್ಕೆ ಸೇರಿದ ಮಗ ನೃತ್ಯ, ಬಿಲಿಯರ್ಡ್ಸ್ ಎಂದು ಕಾಲ ಕಳೆಯುವುದನ್ನು ನೋಡಿ ತಂದೆ ಸಿಟ್ಟಾದರು. ಓಮ್ ಓದು ನಿಲ್ಲಿಸಿ ಸ್ವಿಟ್ಜರ್ಲೆಂಡಿಗೆ ಹೋಗಿ ಗಣಿತ ಪಾಠ ಮಾಡಿದರು. ಮುಂದೆ ಊರಿಗೆ ಮರಳಿ 1811ರಲ್ಲಿ ಡಾಕ್ಟರೇಟ್ ಪಡೆದರು.

1817ರಲ್ಲಿ ಕಲೋನ್ ನಗರದ ಶಾಲೆಯಲ್ಲಿ ಶಿಕ್ಷಕರಾದರು. ಅಲ್ಲಿ ಒಳ್ಳೆಯ ಪ್ರಯೋಗಾಲಯವಿತ್ತು. ಪಾಠದ ಜೊತೆಗೆ ಬೇರೆ ಬೇರೆ ಉದ್ದದ ತಂತಿಗಳಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ಅಳೆಯತೊಡಗಿದರು. ಆಗಿನ ಬ್ಯಾಟರಿಯ ಬಲ ಒಂದೇ ಸಮನಾಗಿ ಇರುತ್ತಿರಲಿಲ್ಲ. ಅದಕ್ಕೆ ಎರಡು ಲೋಹ ಜೋಡಿಸಿ, ಒಂದು ತುದಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ವಿದ್ಯುತ್ ಪಡೆದರು. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ ಎಂದು ಲೆಕ್ಕ ಸಮೇತ ತೋರಿಸಿದರು.

1827ರಲ್ಲಿ ಇದನ್ನು ಪುಸ್ತಕವಾಗಿ ತಂದರು. ದೇಶದ ವಿದ್ವಾಂಸರು ಅದಕ್ಕೆ ಬೆಲೆ ಕೊಡಲಿಲ್ಲ. ಬೇಸತ್ತು ಕಲೋನ್ ಕೆಲಸ ಬಿಟ್ಟರು. 1833ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಕೆಲಸ ಸಿಗುವವರೆಗೆ ಕಷ್ಟದಲ್ಲೇ ದಿನ ಕಳೆದರು. ಮೊದಲ ದೊಡ್ಡ ಗೌರವ ಬಂದದ್ದು ಹೊರದೇಶದಿಂದ: 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ಕೊಟ್ಟಿತು. ಕಿವಿ ಒಂದು ನಾದವನ್ನು ಸರಳ ಸ್ವರಗಳಾಗಿ ಬಿಡಿಸಿ ಕೇಳುತ್ತದೆ ಎಂಬ ವಿಚಾರವನ್ನೂ ಓಮ್ 1843ರಲ್ಲಿ ಮುಂದಿಟ್ಟರು.

ಅವರ ಲೆಕ್ಕ ನಮ್ಮ ಬನಶಂಕರಿ ಮನೆಗೂ ಉಪಯೋಗಕ್ಕೆ ಬಂತು. ಅಬ್ಬಾ ಅವರ ಸ್ಟೀರಿಯೊಗೆ ಕನೆಕ್ಟರ್ ಬೇಕಿತ್ತು. ಎಸ್.ಪಿ. ರಸ್ತೆಯಲ್ಲಿ ಬನಾನಾ ಪ್ಲಗ್, ಸ್ಪೇಡ್, ಚಿನ್ನದ ಲೇಪನದ್ದು, ಎಲ್ಲವೂ ಸಿಗುತ್ತವೆ. ಚಿನ್ನ ತಾಮ್ರಕ್ಕಿಂತ ಚೆನ್ನಾಗಿ ವಿದ್ಯುತ್ ಹರಿಸುವುದಿಲ್ಲ; ಅದು ಕಿಲುಬು ಹಿಡಿಯುವುದಿಲ್ಲ, ಲಾಭ ಅಷ್ಟೇ. ಸ್ಪೀಕರ್ ಐದು ಮೀಟರ್ ದೂರವಿದ್ದರೆ ಹೋಗಿ ಬರುವ ತಂತಿ ಹತ್ತು ಮೀಟರ್. 1.5 ಚದರ ಮಿಲಿಮೀಟರ್ ತಾಮ್ರದಲ್ಲಿ ಅದರ ರೋಧ ಸುಮಾರು 0.12 ಓಮ್, 8 ಓಮ್ ಸ್ಪೀಕರ್ ಮುಂದೆ ತೀರಾ ಕಡಿಮೆ. ಬಿಗಿಯಾಗಿ ಕೂತ ಕನೆಕ್ಟರ್‌ನ ರೋಧ ಅದಕ್ಕಿಂತಲೂ ಕಡಿಮೆ. ಸಡಿಲವಾದರೆ ಅಥವಾ ಕಿಲುಬು ಹಿಡಿದರೆ ಮಾತ್ರ ತೊಂದರೆ. ಬಿಡಿ ಎಳೆಗಳು ಒಂದಕ್ಕೊಂದು ತಗುಲಿದರೆ ಆಂಪ್ಲಿಫೈಯರ್ ಹಾಳಾಗಬಹುದು. ಹಾಗಾಗಿ ಸ್ಕ್ರೂ ಬಿಗಿಯುವ ಸಾಧಾರಣ ಬನಾನಾ ಪ್ಲಗ್ ತಂದೆವು. ಕಾಮರ್ಸ್ ಓದುವ ನನಗೆ ಇದು ಬೆಲೆಗೂ ಮೌಲ್ಯಕ್ಕೂ ಇರುವ ವ್ಯತ್ಯಾಸದ ಪಾಠ.

ಓಮ್ ಅವರು ಬಯಸಿದ್ದ ಮ್ಯೂನಿಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಸಿಕ್ಕಿದ್ದು 1852ರಲ್ಲಿ. 1854ರ ಜುಲೈ 6ರಂದು ತೀರಿಕೊಂಡರು. 1881ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಹಲವು ದೇಶಗಳ ವಿಜ್ಞಾನಿಗಳು ರೋಧದ ಅಳತೆಗೆ ಅವರ ಹೆಸರನ್ನು ಒಪ್ಪಿಕೊಂಡರು. ಯಾರೂ ಕೇಳದಿದ್ದ ಕಾಲದಲ್ಲೂ ಅವರು ಸರಿಯಾಗಿ ಅಳೆದಿದ್ದರು, ಅದೇ ಉಳಿಯಿತು.