ತೊರಪಳ್ಳಿಯ ರಾಜಾಜಿಯವರೂ ಅಚ್ಚಿನ ಅಕ್ಷರವೂ

ನಮ್ಮ ಹೊಸೂರಿಗೆ ಸಮೀಪದ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಗ್ರಾಮದ ಮುನಸೀಫರ ಮಕ್ಕಳು. ಹೊಸೂರಿನ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮದರಾಸಿನಲ್ಲಿ ಕಾನೂನು ವ್ಯಾಸಂಗ, ಸೇಲಂನಲ್ಲಿ ವಕೀಲಿ. ಇವೆಲ್ಲ ನಮ್ಮ ವಾಚಕರು ಬಲ್ಲ ಸಂಗತಿಗಳೇ. ನಾವಿಲ್ಲಿ ನೆನೆಯಹೊರಟಿರುವುದು ಆ ದೀರ್ಘಜೀವನದ ಒಂದೇ ಎಳೆಯನ್ನು: ಅಚ್ಚಿನ ಅಕ್ಷರಕ್ಕೂ ಅಧಿಕಾರಕ್ಕೂ ಇರುವ ವ್ಯಾಜ್ಯವನ್ನು.

1921ರ ಡಿಸೆಂಬರಿನಲ್ಲಿ ಬಂಧಿತರಾದ ರಾಜಾಜಿಯವರು ಮೂರು ತಿಂಗಳು ವೆಲ್ಲೂರಿನ ಸೆರೆಮನೆಯಲ್ಲಿದ್ದು ದಿನಚರಿ ಬರೆದರು. ಅವರು ಹೊರಬರುವ ಹೊತ್ತಿಗೆ ಗಾಂಧೀಜಿಯವರಿಗೆ ‘ಯಂಗ್ ಇಂಡಿಯಾ’ದ ಲೇಖನಗಳಿಗಾಗಿಯೇ ರಾಜದ್ರೋಹದ ಶಿಕ್ಷೆಯಾಗಿತ್ತು. ಮುಂದೆ ಆ ಪತ್ರಿಕೆಯ ಸಂಪಾದಕತ್ವವನ್ನೇ ರಾಜಾಜಿಯವರು ವಹಿಸಿಕೊಂಡರು. ಬರೆದ ಮಾತಿಗೆ ತೆರಬೇಕಾದ ಬೆಲೆಯನ್ನು ಅವರು ಬಹು ಹತ್ತಿರದಿಂದ ಕಂಡವರು.

ಆದರೆ 1938ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾಗಿ ಶಾಲೆಗಳಲ್ಲಿ ಹಿಂದೂಸ್ಥಾನಿಯನ್ನು ಕಡ್ಡಾಯಗೊಳಿಸಿದಾಗ, ಕಾಂಗ್ರೆಸ್ಸೇ ಹಿಂದೆ ಖಂಡಿಸಿದ್ದ ಕಾನೂನನ್ನು ಬಳಸಿ ವಿರೋಧಿಗಳನ್ನು ಸೆರೆಗೆ ಕಳುಹಿಸಿದರು. ಗಡಿನಾಡಿನ ನಮಗೆ ಈ ಪ್ರಸಂಗ ಅಷ್ಟು ಸುಲಭವಾಗಿ ಮರೆಯುವಂಥದಲ್ಲ.

1949ರ ಜೂನ್ ತಿಂಗಳಲ್ಲಿ, ರಾಜಾಜಿಯವರು ಗೌರ್ನರ್ ಜನರಲ್ ಪದವಿಯಲ್ಲಿದ್ದಾಗ, ಲಂಡನ್ನಿನಲ್ಲಿ ‘1984’ ಎಂಬ ಕಾದಂಬರಿ ಪ್ರಕಟವಾಯಿತು. ಕರ್ತೃ ಜಾರ್ಜ್ ಆರ್ವೆಲ್ಲರು ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ. ಅದರ ನಾಯಕನ ಉದ್ಯೋಗವೆಂದರೆ ಹಳೆಯ ಪತ್ರಿಕೆಗಳನ್ನು ಸರ್ಕಾರದ ಇಷ್ಟದಂತೆ ತಿದ್ದುವುದು. ಆ ರಾಜ್ಯದಲ್ಲಿ ನಿಘಂಟು ವರ್ಷ ವರ್ಷಕ್ಕೂ ತೆಳ್ಳಗಾಗುತ್ತದೆ. ಮನೆಮಾತು ದಿನೇ ದಿನೇ ತೆಳುವಾಗುವುದನ್ನು ಕಾಣುತ್ತಿರುವ ಮನೆಗಳಲ್ಲಿ ಇದನ್ನು ಬೇರೆಯವರ ಕಥೆಯೆಂದು ಓದಲಾದೀತೆ?

ಎರಡು ವರ್ಷ ಕಳೆದು, 1951ರಲ್ಲಿ, ಕೇಂದ್ರದ ಗೃಹಸಚಿವರಾಗಿ ಆಕ್ಷೇಪಾರ್ಹ ಬರಹಗಳನ್ನು ತಡೆಯುವ ಪತ್ರಿಕಾ ಮಸೂದೆಯನ್ನು ಮಂಡಿಸಿದವರು ರಾಜಾಜಿಯವರೇ! ನ್ಯಾಯವಾಗಿ ಹೇಳುವುದಾದರೆ, ಅದು ಬ್ರಿಟಿಷರ 1931ರ ಕಾನೂನಿಗಿಂತ ಮೃದುವಾಗಿತ್ತು. ಮುದ್ರಣಾಲಯದಿಂದ ಠೇವಣಿ ಕೇಳುವ ಅಧಿಕಾರವು ಅಧಿಕಾರಿಗಳ ಕೈತಪ್ಪಿ ಸೆಷನ್ಸ್ ನ್ಯಾಯಾಲಯದ ವಿಚಾರಣೆಗೆ ಒಳಪಟ್ಟಿತು. ಆದರೂ ಸಂಪಾದಕರು ಪ್ರತಿಭಟಿಸಿದರು; ಕಾನೂನು 1956ರವರೆಗೆ ಜೀವಿಸಿತು. ರಾಜಾಜಿಯವರ ಮೇಲಿನ ಗೌರವ ಎಳ್ಳಷ್ಟೂ ಕುಂದದೆಯೇ ನಾವು ಇದನ್ನು ಬರೆಯುತ್ತಿದ್ದೇವೆ. ಕಾದಂಬರಿಯಲ್ಲಿ ಬಾಯಿಗೆ ಬೀಗ ಹಾಕುವವರು ಕ್ರೂರಿಗಳು. ಇಲ್ಲಿಯಾದರೋ ಸಜ್ಜನರು, ಸ್ವತಃ ಸೆರೆಮನೆ ಕಂಡವರು.

ಅಧಿಕಾರದಿಂದ ದೂರ ಸರಿದ ಬಳಿಕ ಅವರು ಮತ್ತೆ ಲೇಖನಿಯನ್ನೇ ಆಶ್ರಯಿಸಿದರು. ಎಂಬತ್ತರ ವಯಸ್ಸಿನಲ್ಲಿ, 1959ರಲ್ಲಿ, ಸ್ವತಂತ್ರ ಪಕ್ಷವನ್ನು ಕಟ್ಟಿ, ‘ಸ್ವರಾಜ್ಯ’ ಪತ್ರಿಕೆಯಲ್ಲಿ ಸರ್ಕಾರದ ಅತಿಹಿಡಿತವನ್ನು ಕಟುವಾಗಿ ಟೀಕಿಸುತ್ತಿದ್ದರು. 1972ರ ಡಿಸೆಂಬರ್ 25ರಂದು ತೀರಿಕೊಂಡರು. ಎರಡೂವರೆ ವರ್ಷಗಳಲ್ಲಿ ತುರ್ತುಪರಿಸ್ಥಿತಿ ಬಂದು, ಸುದ್ದಿಗಳು ಅಚ್ಚಾಗುವ ಮುನ್ನ ಅಧಿಕಾರಿಗಳ ಒಪ್ಪಿಗೆಗೆ ಕಾಯಬೇಕಾಯಿತು. ಅದನ್ನು ಕಾಣಲು ಅವರಿರಲಿಲ್ಲ.

ತೊರಪಳ್ಳಿಯ ಅವರ ಜನ್ಮಗೃಹವು ಈಗ ಸ್ಮಾರಕವಾಗಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ತಂದೆತಾಯಿಗಳು ವೆಲ್ಲೂರಿನ ಸೆರೆಮನೆಯ ಕಥೆಯೊಡನೆ 1951ರ ಮಸೂದೆಯ ಕಥೆಯನ್ನೂ ಹೇಳಲೆಂದು ನಮ್ಮ ಕೋರಿಕೆ.