ಗಣಿಗಳ ವೈದ್ಯ ಅಗ್ರಿಕೋಲ

ನೆಲವನ್ನು ಉಳುವವನನ್ನು ಹಾಡಿ ಹೊಗಳಿದ ಕವಿಗಳು ಎಲ್ಲ ಭಾಷೆಗಳಲ್ಲಿಯೂ ದೊರೆಯುತ್ತಾರೆ. ಅದೇ ನೆಲದೊಳಕ್ಕೆ ನೂರಾರು ಅಡಿ ಇಳಿದು ಅದಿರನ್ನು ಕಡಿದು ತರುವವನ ಕಡೆಗೆ ಕಣ್ಣು ಹಾಯಿಸಿದ ವಿದ್ವಾಂಸರು ಮಾತ್ರ ಬಹಳ ವಿರಳ. ಆತನ ಕೆಲಸವು ಕತ್ತಲೆಯಲ್ಲಿ ನಡೆಯುವುದರಿಂದಲೋ ಏನೋ, ಆತನ ಬಾಳೂ ಗ್ರಂಥಗಳ ಬೆಳಕಿಗೆ ಬರಲಿಲ್ಲ. ಈ ಮಾತಿಗೆ ಅಪವಾದವಾಗಿ ನಿಂತವನು ಹದಿನಾರನೆಯ ಶತಮಾನದ ಜರ್ಮನ್ ಪಂಡಿತ ಅಗ್ರಿಕೋಲ.

ನಾನು ಕನ್ನಡ ಪಾಠ ಹೇಳುವವನು. ಗಣಿಗಳಿಗೂ ನನಗೂ ನಂಟಿಲ್ಲ. ಆದರೂ ಈತನ ಚರಿತ್ರೆಯನ್ನು ಬರೆಯಲು ನನಗೆ ಎರಡು ಕಾರಣಗಳುಂಟು. ಈತನೂ ಮೊದಲು ಭಾಷೆಯ ಉಪಾಧ್ಯಾಯನೇ ಆಗಿದ್ದನೆಂಬುದು ಒಂದು. ಇನ್ನೊಂದು, ಗಣಿಯ ವಿದ್ಯೆಯನ್ನು ಕಲಿಯಬೇಕೆನ್ನುವ ತರುಣರು ನನ್ನ ತರಗತಿಗಳಲ್ಲಿ ಆಗಾಗ ಸಿಗುತ್ತಾರೆ. ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಳ ಕೆಲಸವನ್ನು ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ ತಡೆದ ಮೇಲೆ, ಈ ಕಸಬು ಮರ್ಯಾದಸ್ಥರದೇ ಎಂಬ ಶಂಕೆ ಅವರ ತಾಯಿತಂದೆಗಳನ್ನು ಕಾಡುತ್ತಿರುವುದನ್ನು ನಾನು ಬಲ್ಲೆ. ಇದೇ ಶಂಕೆಯನ್ನು ಅಗ್ರಿಕೋಲನು ತನ್ನ ಮಹಾಗ್ರಂಥದ ಮೊದಲ ಪುಟಗಳಲ್ಲಿಯೇ ಎತ್ತಿಕೊಂಡನು. ಆತನು ಕೊಟ್ಟ ಉತ್ತರವೆಲ್ಲವೂ ನನಗೆ ಒಪ್ಪಿಗೆಯಿಲ್ಲ. ಆದರೆ ಪ್ರಶ್ನೆಯನ್ನು ಆತನು ಮುಚ್ಚಿಡಲಿಲ್ಲ.

ಆತನು ಹುಟ್ಟಿದ್ದು ೧೪೯೪ರ ಮಾರ್ಚ್ ೨೪ರಂದು, ಸ್ಯಾಕ್ಸನಿಯ ಗ್ಲೌಖೌ ಎಂಬ ಊರಿನಲ್ಲಿ. ತಂದೆ ಬಟ್ಟೆಯ ಕಸಬಿನವನು. ಮನೆಯ ಹೆಸರು ಬೌಅರ್. ಆ ಭಾಷೆಯಲ್ಲಿ ಬೇಸಾಯಗಾರನೆಂದು ಅರ್ಥ. ಅಂದಿನ ವಿದ್ವಾಂಸರು ತಮ್ಮ ಹೆಸರುಗಳನ್ನು ಲ್ಯಾಟಿನ್ನಿಗೆ ಹೊರಳಿಸಿಕೊಳ್ಳುತ್ತಿದ್ದರಷ್ಟೆ. ಹಾಗೆ ಗೆಯೋರ್ಗ್ ಬೌಅರನು ಗೆಯೋರ್ಗಿಯುಸ್ ಅಗ್ರಿಕೋಲನಾದನು. ಬೇಸಾಯಗಾರನೆಂಬ ಹೆಸರನ್ನು ಹೊತ್ತವನು ನೇಗಿಲಿಗೆ ಎಟುಕದ ಆಳದ ವಿಚಾರವನ್ನು ಬರೆದುದು ಒಂದು ವಿನೋದವೇ ಸರಿ. ಬೇಸಾಯವನ್ನು ಕುರಿತು ಹಳೆಯ ರೋಮಿನ ಕೊಲುಮೆಲ್ಲನು ಹನ್ನೆರಡು ಪ್ರಕರಣಗಳ ಗ್ರಂಥವನ್ನು ಬರೆದಿದ್ದನು. ಗಣಿಯನ್ನು ಕುರಿತು ಅಗ್ರಿಕೋಲನು ಬರೆದುದೂ ಹನ್ನೆರಡೇ ಪ್ರಕರಣಗಳು.

ಲೈಪ್ಸಿಗ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ, ೧೫೧೮ರಲ್ಲಿ ತ್ಸ್ವಿಕಾವ್ ಎಂಬ ಪಟ್ಟಣಕ್ಕೆ ಹೋಗಿ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿಸತೊಡಗಿದನು. ಆತನ ಮೊದಲ ಪುಸ್ತಕವು ಮಕ್ಕಳಿಗಾಗಿ ಬರೆದ ಚಿಕ್ಕದೊಂದು ಲ್ಯಾಟಿನ್ ವ್ಯಾಕರಣ. ಅಲ್ಲಿಗೇ ನಿಂತಿದ್ದರೆ ನಮ್ಮಂಥ ಸಾವಿರಾರು ಉಪಾಧ್ಯಾಯರಲ್ಲಿ ಒಬ್ಬನಾಗಿ ಉಳಿದುಬಿಡುತ್ತಿದ್ದನು. ಆದರೆ ಆತನು ಆಲ್ಪ್ಸ್ ಪರ್ವತವನ್ನು ದಾಟಿ ಇಟಲಿಗೆ ಹೋದನು. ವೈದ್ಯವನ್ನು ಅಭ್ಯಾಸ ಮಾಡಿದನು. ವೆನಿಸ್ಸಿನ ಪ್ರಸಿದ್ಧವಾದ ಆಲ್ಡಸ್ ಮುದ್ರಣಾಲಯವು ಗ್ರೀಕ್ ವೈದ್ಯ ಗ್ಯಾಲೆನ್ನನ ಗ್ರಂಥಗಳನ್ನು ಅಚ್ಚು ಹಾಕಿದಾಗ ಪಾಠಪರಿಷ್ಕರಣದಲ್ಲಿ ಕೈಜೋಡಿಸಿದನು. ಆ ಪ್ರಾಚೀನರು ಅನೇಕ ಖನಿಜಗಳನ್ನು ಔಷಧವೆಂದು ಹೇಳಿದ್ದರು. ಅವು ಯಾವುವೆಂಬುದು ಆಗಿನ ವೈದ್ಯರಿಗೆ ಮರೆತುಹೋಗಿತ್ತು. ಗ್ರಂಥದಲ್ಲಿ ಹೆಸರಿದೆ, ಲೋಕದಲ್ಲಿ ವಸ್ತು ಎಲ್ಲಿದೆ? ಹಳಗನ್ನಡ ಕಾವ್ಯದಲ್ಲಿ ಬರುವ ಹೂವಿನ ಹೆಸರನ್ನು ವಿದ್ಯಾರ್ಥಿಯೊಬ್ಬನು ಕೇಳಿದಾಗ ಹೂವನ್ನು ತೋರಿಸಲಾರದೆ ತಡವರಿಸಿದ ಅಧ್ಯಾಪಕರಿಗೆ ಈ ಸಂಕಟದ ಪರಿಚಯವುಂಟು. ಅಗ್ರಿಕೋಲನು ನಿಘಂಟುಗಳನ್ನು ಮುಚ್ಚಿಟ್ಟು ಗಣಿಗಳ ಊರಿಗೆ ನಡೆದನು.

ಆ ಊರು ಬೊಹಿಮಿಯದ ಯೋಆಕಿಮ್ಸ್‌ತಾಲ್. ಬೆಳ್ಳಿಯ ಸೆಲೆ ಸಿಕ್ಕಿ ೧೫೧೬ರಲ್ಲಿ ಎದ್ದ ಪಟ್ಟಣ ಅದು. ಅಲ್ಲಿಯ ಬೆಳ್ಳಿಯಿಂದ ಟಂಕಿಸಿದ ನಾಣ್ಯಕ್ಕೆ ಊರಿನ ಹೆಸರೇ ಬಂದು, ಜನರ ಬಾಯಲ್ಲಿ ಸವೆದು ತಾಲರ್ ಎಂದಾಯಿತು. ಇಂದು ಜಗತ್ತನ್ನು ಆಳುವ ಡಾಲರ್ ಎಂಬ ಶಬ್ದವು ಅದರ ಮೊಮ್ಮಗು. ೧೫೨೭ರಲ್ಲಿ ಆತನು ಅಲ್ಲಿಯ ಪಟ್ಟಣವೈದ್ಯನಾದನು. ರೋಗಿಗಳನ್ನು ನೋಡಿ ಉಳಿದ ಹೊತ್ತನ್ನೆಲ್ಲ ಗಣಿಗಳಲ್ಲಿ, ಕುಲುಮೆಗಳ ಬಳಿ, ಅನುಭವಸ್ಥರಾದ ಕೆಲಸಗಾರರ ಜೊತೆಯಲ್ಲಿ ಕಳೆದನು. ಅದರ ಫಲವಾಗಿ ೧೫೩೦ರಲ್ಲಿ ‘ಬೆರ್ಮಾನ್ನುಸ್’ ಎಂಬ ಸಂವಾದರೂಪದ ಕೃತಿ ಹೊರಬಂದಿತು. ಅದರಲ್ಲಿ ಗಣಿ ಬಲ್ಲವನೊಬ್ಬನೊಡನೆ ಇಬ್ಬರು ವೈದ್ಯರು ಬೆಟ್ಟದ ಮೇಲೆ ಮಾತನಾಡುತ್ತ ಸಾಗುತ್ತಾರೆ. ಪಂಡಿತರು ಕೇಳುವವರು, ಗಣಿಯವನು ಹೇಳುವವನು. ಈ ಕ್ರಮವ್ಯತ್ಯಾಸವನ್ನು ನಾನು ಸಣ್ಣ ಸಂಗತಿಯೆಂದು ಎಣಿಸುವುದಿಲ್ಲ. ಯುರೋಪಿನ ವಿದ್ವಲ್ಲೋಕದ ಗುರುವೆನಿಸಿದ್ದ ಇರಾಸ್ಮಸ್ಸನು ಇದಕ್ಕೆ ಮೆಚ್ಚುಗೆಯ ಪತ್ರವೊಂದನ್ನು ಬರೆದುಕೊಟ್ಟನು.

ಮುಂದೆ ಕೆಲವೇ ವರ್ಷಗಳಲ್ಲಿ ಕೆಮ್ನಿಟ್ಸ್ ಪಟ್ಟಣಕ್ಕೆ ವೈದ್ಯನಾಗಿ ಹೋಗಿ, ಬಾಳಿನ ಕೊನೆಯವರೆಗೂ ಅಲ್ಲಿಯೇ ನೆಲಸಿದನು. ೧೫೪೬ರಲ್ಲಿ ಖನಿಜಗಳನ್ನು ಬಣ್ಣ, ಹೊಳಪು, ಗಡಸುತನ, ರುಚಿ ಮುಂತಾದ ಗುಣಗಳಿಂದ ವಿಂಗಡಿಸಿದ ಗ್ರಂಥವನ್ನು ಪ್ರಕಟಿಸಿದನು. ಖನಿಜಶಾಸ್ತ್ರದ ಪಿತಾಮಹನೆಂಬ ಬಿರುದು ಆತನಿಗೆ ಇದರಿಂದ ಬಂದಿತು. ಅದೇ ವರ್ಷ ಆ ಪಟ್ಟಣದ ಪುರಾಧ್ಯಕ್ಷನೂ ಆದನು. ಸುತ್ತಲ ನಾಡೆಲ್ಲ ಲೂಥರನ ಮತಕ್ಕೆ ಸೇರಿದ್ದರೂ ಅಗ್ರಿಕೋಲನು ಹಳೆಯ ಕ್ಯಾಥೊಲಿಕ್ ಮತವನ್ನು ಬಿಡಲಿಲ್ಲ. ಆತನ ಯೋಗ್ಯತೆಯನ್ನು ಕಂಡು ದೊರೆಯು ಇದನ್ನು ಲೆಕ್ಕಿಸದೆ ಕೆಲಸ ವಹಿಸಿದನು. ಪ್ಲೇಗು ಬಂದಾಗ ರೋಗಿಗಳ ಶುಶ್ರೂಷೆಗೆ ನಿಂತನು. ಆ ರೋಗವನ್ನು ಕುರಿತು ೧೫೫೪ರಲ್ಲಿ ಒಂದು ಪುಸ್ತಕವನ್ನೂ ಬರೆದನು.

ಇಷ್ಟೆಲ್ಲದರ ನಡುವೆ ಸುಮಾರು ಇಪ್ಪತ್ತು ವರ್ಷಗಳ ಕಾಲ ಬೆಳೆಯುತ್ತ ಬಂದದ್ದು ‘ಡಿ ರೇ ಮೆಟಾಲಿಕ’, ಎಂದರೆ ಲೋಹವಿದ್ಯೆಯನ್ನು ಕುರಿತ ಗ್ರಂಥ. ಸೆಲೆಯನ್ನು ಹುಡುಕುವುದು, ಬಾವಿ ತೋಡುವುದು, ನೆಲವನ್ನು ಅಳೆಯುವುದು, ನೀರೆತ್ತುವ ಯಂತ್ರಗಳು, ಅದಿರನ್ನು ಕುಟ್ಟಿ ತೊಳೆದು ಕರಗಿಸುವುದು, ಬೆಳ್ಳಿ ಬಂಗಾರಗಳನ್ನು ಬೇರ್ಪಡಿಸುವುದು – ಎಲ್ಲವೂ ಅದರಲ್ಲಿದೆ. ಕವಲುಕಡ್ಡಿಯನ್ನು ಹಿಡಿದು ಸೆಲೆಯನ್ನು ಕಂಡುಹಿಡಿಯುವವರ ವಿಚಾರವೂ ಬರುತ್ತದೆ; ತಿಳಿದವನಿಗೆ ಅದರ ಹಂಗು ಬೇಡವೆಂಬುದು ಆತನ ನಿಲುವು. ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಸಡಿಲಗೊಳಿಸುವ ವಿಧಾನವನ್ನೂ ಆತನು ವರ್ಣಿಸುತ್ತಾನೆ. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಚಿನ್ನಕ್ಕಾಗಿ ಅಗೆದವರೂ ಇದೇ ಉಪಾಯವನ್ನು ಬಲ್ಲವರಾಗಿದ್ದರೆಂಬುದಕ್ಕೆ ಅಲ್ಲಿ ಸಿಕ್ಕ ಇದ್ದಿಲು ಬೂದಿಗಳು ಸಾಕ್ಷಿ. ಅವರಲ್ಲಿ ಒಬ್ಬ ಅಗ್ರಿಕೋಲ ಇರಲಿಲ್ಲ. ಆದುದರಿಂದ ಅವರ ಹೆಸರೂ ಇಲ್ಲ, ಮಾತೂ ಇಲ್ಲ.

ಭಾಷಾಧ್ಯಾಪಕರಿಗೆ ರುಚಿಸುವ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಗಣಿಯವರ ಮಾತು ಜರ್ಮನ್; ಆತನು ಬರೆಯಹೊರಟದ್ದು ಲ್ಯಾಟಿನ್. ರೋಮನರಿಗೆ ತಿಳಿಯದಿದ್ದ ಯಂತ್ರಗಳಿಗೆ ಲ್ಯಾಟಿನ್ನಿನಲ್ಲಿ ಹೆಸರಾದರೂ ಎಲ್ಲಿಂದ ಬರಬೇಕು? ಆತನು ನೂರಾರು ಪದಗಳನ್ನು ಟಂಕಿಸಿದನು, ಹಳೆಯ ಪದಗಳಿಗೆ ಹೊಸ ಅರ್ಥವನ್ನು ಹೊರಿಸಿದನು. ಪರಿಣಾಮವಾಗಿ, ಲ್ಯಾಟಿನ್ ಬಲ್ಲವರಿಗೆ ಗಣಿ ತಿಳಿಯದು, ಗಣಿ ಬಲ್ಲವರಿಗೆ ಲ್ಯಾಟಿನ್ ತಿಳಿಯದು ಎಂಬಂತಾಗಿ, ಗ್ರಂಥವು ಅನುವಾದಕರ ಪಾಲಿಗೆ ಕಬ್ಬಿಣದ ಕಡಲೆಯಾಯಿತು. ಇಂಗ್ಲಿಷಿಗೆ ಬರಲು ೧೯೧೨ರವರೆಗೆ ಕಾಯಬೇಕಾಯಿತು. ತಂದವರು ಹರ್ಬರ್ಟ್ ಹೂವರ್ ಮತ್ತು ಅವರ ಪತ್ನಿ ಲೂ ಹೆನ್ರಿ ಹೂವರ್. ಗಂಡ ಗಣಿ ಎಂಜಿನಿಯರ್. ಹೆಂಡತಿ ಭೂವಿಜ್ಞಾನವನ್ನು ಓದಿದವರು, ಲ್ಯಾಟಿನ್ ಬಲ್ಲವರು. ಆ ಗಂಡನು ಮುಂದೆ ೧೯೨೯ರಲ್ಲಿ ಅಮೆರಿಕದ ಅಧ್ಯಕ್ಷರಾದರು. ಪಾರಿಭಾಷಿಕ ಪದಗಳನ್ನು ನಿರ್ಮಿಸುವ ಕನ್ನಡದ ಪಂಡಿತರು ಈ ಕಥೆಯನ್ನು ನೆನಪಿಡುವುದು ಒಳ್ಳೆಯದು. ಕುಲುಮೆಯ ಬಳಿ ನಿಂತವನ ಬಾಯಲ್ಲಿ ಆಡದ ಪದವು ಪುಸ್ತಕದಲ್ಲಿ ಎಷ್ಟು ಚಂದವಾಗಿದ್ದರೇನು?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗಣಿಯನ್ನು ಹಳಿಯುವವರ ವಾದವನ್ನು ಅಗ್ರಿಕೋಲನು ಮೊದಲ ಪ್ರಕರಣದಲ್ಲಿ ಪೂರ್ವಪಕ್ಷವಾಗಿ ನಿಲ್ಲಿಸಿದ ರೀತಿಯು ನಮ್ಮ ಶಾಸ್ತ್ರಕಾರರನ್ನು ನೆನಪಿಗೆ ತರುತ್ತದೆ. ಕಟ್ಟಿಗೆಗಾಗಿ ಕಾಡುಗಳು ನಾಶವಾಗುತ್ತವೆ, ಕಾಡಿನೊಡನೆ ಮೃಗಪಕ್ಷಿಗಳು ಹೋಗುತ್ತವೆ, ಅದಿರನ್ನು ತೊಳೆದ ನೀರು ಹಳ್ಳಗಳಿಗೆ ವಿಷವಾಗಿ ಮೀನುಗಳು ಸಾಯುತ್ತವೆ, ಹೊಲತೋಟಗಳು ಹಾಳಾಗುತ್ತವೆ, ಹೀಗೆ ಗಣಿಯಿಂದ ಬರುವ ಲಾಭಕ್ಕಿಂತ ನಷ್ಟವೇ ಹೆಚ್ಚು – ಇದು ಎದುರಾಳಿಗಳ ವಾದ. ಸಂಡೂರಿನ ಬೆಟ್ಟಗಳನ್ನು ಕಂಡವರು ಇದನ್ನು ಓದಿದರೆ ನಿನ್ನೆ ಬರೆದುದೆಂದು ಭ್ರಮಿಸಿಯಾರು. ಇದಕ್ಕೆ ಆತನ ಉತ್ತರ: ಗಣಿಗಳಿರುವುದು ಹೆಚ್ಚಾಗಿ ಬರಡು ಬೆಟ್ಟಗಳಲ್ಲಿ, ಕಾಡು ಕಡಿದೆಡೆ ಪೈರು ಬೆಳೆಯಬಹುದು, ಲೋಹದ ಹಣದಿಂದ ಬೇರೆಡೆಯ ಹಕ್ಕಿ ಮೀನುಗಳನ್ನು ಕೊಂಡು ತರಬಹುದು. ಲೋಹವಿಲ್ಲದೆ ಮನುಷ್ಯನ ಬಾಳು ಮೃಗದ ಬಾಳೆಂಬ ಆತನ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಹಕ್ಕಿಗಳನ್ನು ಕೊಳ್ಳಬಹುದೆಂಬ ತರ್ಕವು ಪುರಾಧ್ಯಕ್ಷನಿಗೆ ಒಪ್ಪಬಹುದೇ ಹೊರತು ವಿದ್ವಾಂಸನಿಗೆ ಒಪ್ಪದು. ಆತನಿಗೆ ಬೆಳ್ಳಿಯ ಗಣಿಯೊಂದರಲ್ಲಿ ಪಾಲು ಇದ್ದಿತೆಂಬುದನ್ನೂ ಓದುಗರು ಮನಸ್ಸಿನಲ್ಲಿಡಬೇಕು.

ಕೆಲಸಗಾರನ ಪ್ರಾಣದ ಪ್ರಶ್ನೆ ಬಂದಾಗ ಮಾತ್ರ ಆತನ ಧ್ವನಿ ಬದಲಾಗುತ್ತದೆ. ಅಪಾಯಗಳು ಮೇಲಿಂದ ಮೇಲೆ ಒದಗುವಂತಿದ್ದು, ಅವನ್ನು ತಡೆಯಲು ಯಾವ ಉಪಾಯವೂ ಇಲ್ಲದಿದ್ದರೆ, ಲೋಹವನ್ನು ಅಗೆಯುವುದೇ ತಕ್ಕದ್ದಲ್ಲವೆಂದು ಆತನು ಒಪ್ಪಿಕೊಳ್ಳುತ್ತಾನೆ. ಅಂಥ ಮಾತನ್ನು ಗಣಿಯ ಪಾಲುದಾರನೊಬ್ಬನು ಬರೆದನೆಂಬುದು ಆಶ್ಚರ್ಯ. ಬಳಿಕ, ಅಪಾಯಗಳು ವಿರಳ, ಅವೂ ಅಜಾಗರೂಕತೆಯಿಂದ ಬರುವಂಥವು ಎಂದು ಸಮಾಧಾನ ಹೇಳಿ ಮುಂದೆ ಸಾಗುತ್ತಾನೆ. ಆದರೆ ಆರನೆಯ ಪ್ರಕರಣಕ್ಕೆ ಬಂದಾಗ ವಾದಿಯು ಹಿಂದೆ ಸರಿದು ವೈದ್ಯನು ಮುಂದೆ ಬರುತ್ತಾನೆ. ಒಣಗಣಿಗಳ ಧೂಳು ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶಗಳನ್ನು ಕೊರೆಯುವ ಬಗೆಯನ್ನು ಹೇಳುತ್ತಾನೆ. ಕಾರ್ಪೇಥಿಯನ್ ಬೆಟ್ಟಗಳ ಗಣಿಗಳಲ್ಲಿ, ಒಬ್ಬರಾದ ಮೇಲೊಬ್ಬರಂತೆ ಏಳು ಗಂಡಂದಿರನ್ನು ಈ ಕ್ಷಯಕ್ಕೆ ಕಳೆದುಕೊಂಡ ಹೆಂಗಸರು ಇದ್ದಾರೆಂದು ದಾಖಲಿಸುತ್ತಾನೆ. ಏಳು ಗಂಡಂದಿರೆಂಬುದು ವಿರಳ ಅಪಾಯದ ಲೆಕ್ಕವಲ್ಲ. ಅವರೆಲ್ಲರೂ ಅಜಾಗರೂಕರಾಗಿದ್ದರೆಂದೂ ಹೇಳುವಂತಿಲ್ಲ. ಮೊದಲ ಪ್ರಕರಣವನ್ನು ಆರನೆಯದು ಖಂಡಿಸುತ್ತಿದೆಯೆಂಬುದು ಅಗ್ರಿಕೋಲನಿಗೆ ಹೊಳೆಯಿತೋ ಇಲ್ಲವೋ. ಹೊಳೆದರೂ ಅದನ್ನು ಅಳಿಸದೆ ಇಟ್ಟನೆಂದು ನಂಬಲು ನನಗೆ ಇಷ್ಟ.

ಆತನು ಬರಿದೆ ಮರುಗಿ ಕೈಕಟ್ಟಿ ಕೂಡಲಿಲ್ಲ. ಧೂಳು ಒಳಹೋಗದಂತೆ ಮುಖಕ್ಕೆ ಸಡಿಲವಾದ ಮುಸುಕು, ಮೊಣಕೈವರೆಗಿನ ಕೈಗವಸು, ಎತ್ತರದ ತೊಗಲಿನ ಪಾದರಕ್ಷೆ – ಇವನ್ನೆಲ್ಲ ವಿಧಿಸಿದನು. ಗಾಳಿಯನ್ನು ಒಳಕ್ಕೆ ದೂಡುವ ಬೀಸಣಿಗೆ ಯಂತ್ರಗಳನ್ನೂ ತಿದಿಗಳನ್ನೂ ಚಿತ್ರಸಹಿತ ವಿವರಿಸಿದನು. ದಿನದ ಕೆಲಸವನ್ನು ಏಳೇಳು ಗಂಟೆಗಳ ಮೂರು ಪಾಳಿಗಳಾಗಿ ಹಂಚುವ ಪದ್ಧತಿಯನ್ನು ಹೇಳುತ್ತ, ಒಬ್ಬನೇ ಎರಡು ಪಾಳಿಗಳನ್ನು ಒಟ್ಟಿಗೆ ಮಾಡಿದರೆ ದಣಿದು ನಿದ್ದೆ ಹೋಗುವನೆಂದು ಎಚ್ಚರಿಸಿದನು. ಒಂದು ಪಾಳಿಯ ಕೂಲಿಯಿಂದ ಹೊಟ್ಟೆ ತುಂಬದ ಊರುಗಳಲ್ಲಿ ಹಾಗೆ ಮಾಡುವರೆಂಬುದನ್ನೂ ಸೇರಿಸಿದನು. ರಾತ್ರಿಯ ಪಾಳಿಯವರು ನಿದ್ದೆ ಬಾರದಿರಲೆಂದು ಹಾಡಿಕೊಳ್ಳುತ್ತಿದ್ದರಂತೆ. ಇನ್ನು ಗಣಿಯನ್ನು ನಡೆಸಹೊರಟವನು ಏನೇನು ಕಲಿತಿರಬೇಕು? ತತ್ತ್ವಶಾಸ್ತ್ರ, ಖಗೋಳ, ಗಣಿತ, ಅಳತೆ, ವಾಸ್ತು, ಚಿತ್ರಕಲೆ, ನ್ಯಾಯ. ಇವುಗಳೊಡನೆ ವೈದ್ಯವನ್ನೂ ಬಲ್ಲವನಾಗಿರಬೇಕು, ಕೆಲಸಗಾರರ ಆರೋಗ್ಯವನ್ನು ನೋಡಿಕೊಳ್ಳುವುದಕ್ಕಾಗಿ. ಇಂದಿನ ಯಾವ ಕಾಲೇಜಿನ ಪಠ್ಯಕ್ರಮವೂ ಇಷ್ಟನ್ನು ಕೇಳುವುದಿಲ್ಲ.

ರೋಗದ ಮೂಲವು ಆತನಿಗೆ ತಿಳಿಯುವಂತಿರಲಿಲ್ಲ. ಆತನು ಕಂಡ ಸ್ಯಾಕ್ಸನಿಯ ಗಣಿಗಳಲ್ಲೊಂದಾದ ಷ್ನೇಬರ್ಗ್‌ನ ಕೆಲಸಗಾರರನ್ನು ಕೊಲ್ಲುತ್ತಿದ್ದುದು ಶ್ವಾಸಕೋಶದ ಅರ್ಬುದವೆಂದು ವೈದ್ಯರಿಬ್ಬರು ೧೮೭೯ರಲ್ಲಿ ತೋರಿಸಿಕೊಟ್ಟರು. ಯೋಆಕಿಮ್ಸ್‌ತಾಲ್‌ನ ಕರಿಯ ಅದಿರಿನ ಕಸದಿಂದಲೇ ಮೇರಿ ಕ್ಯೂರಿಯವರು ರೇಡಿಯಮ್ಮನ್ನು ಬೇರ್ಪಡಿಸಿದರು. ಅದರಿಂದ ಹೊಮ್ಮುವ ರೇಡಾನ್ ಅನಿಲವೇ ಆ ಗಣಿಗಳ ಗಾಳಿಯಲ್ಲಿದ್ದ ಮೃತ್ಯುವೆಂಬುದು ಇಪ್ಪತ್ತನೆಯ ಶತಮಾನದಲ್ಲಿ ಸ್ಪಷ್ಟವಾಯಿತು. ಧೂಳಿನ ಮಾತು ಬೇರೆ. ಅದನ್ನು ಆತನು ಸರಿಯಾಗಿಯೇ ಹೇಳಿದ್ದನು. ಶಿಲಾಧೂಳಿನಿಂದ ಬರುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು ೧೯೪೭ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಗಳಿಂದ. ಮುಖಕ್ಕೆ ಮುಸುಕು ಹಾಕಿಕೊಳ್ಳಿರೆಂದು ಅಗ್ರಿಕೋಲನು ಬರೆದು ಆಗ ನಾಲ್ಕು ಶತಮಾನಗಳಾಗುತ್ತ ಬಂದಿದ್ದವು. ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಚಿನ್ನವು ಎಲ್ಲೆಲ್ಲಿಗೋ ಹೋಯಿತು, ಸಯನೈಡ್ ಮಣ್ಣಿನ ದಿಬ್ಬಗಳು ಊರಿಗೆ ಉಳಿದವು.

ಗ್ರಂಥದ ಬರವಣಿಗೆಯು ೧೫೫೦ರ ವೇಳೆಗೆ ಮುಗಿದಿತ್ತು. ಆದರೆ ಶಬ್ದಗಳಿಂದ ಮಾತ್ರ ಯಂತ್ರಗಳು ಮುಂದಿನವರಿಗೆ ಅರ್ಥವಾಗಲಾರವೆಂಬ ಶಂಕೆಯಿಂದ ಆತನು ಚಿತ್ರಕಾರರನ್ನು ನೇಮಿಸಿ ಒಂದೊಂದನ್ನೂ ಬರೆಯಿಸಿದನು. ಅವನ್ನು ಮರದ ಅಚ್ಚುಗಳಲ್ಲಿ ಕೊರೆಯುವುದಕ್ಕೆ ಬಾಸೆಲ್ ನಗರದ ಫ್ರೋಬೆನ್ ಮುದ್ರಣಾಲಯದಲ್ಲಿ ವರ್ಷಗಳೇ ಹಿಡಿದವು. ಈ ನಡುವೆ ೧೫೫೫ರ ನವೆಂಬರ್ ೨೧ರಂದು ಅಗ್ರಿಕೋಲನು ತೀರಿಕೊಂಡನು. ಆತನು ಕ್ಯಾಥೊಲಿಕ್ಕನಾಗಿದ್ದ ಕಾರಣ, ಹಲವು ಸಲ ತಾನೇ ಪುರಾಧ್ಯಕ್ಷನಾಗಿದ್ದ ಕೆಮ್ನಿಟ್ಸ್ ಪಟ್ಟಣದಲ್ಲಿ ಹೂಳಲು ಅನುಮತಿ ದೊರೆಯಲಿಲ್ಲ. ನೆಲದ ಒಳಗನ್ನು ಲೋಕಕ್ಕೆ ತೆರೆದು ತೋರಿಸಿದವನಿಗೆ ಆರಡಿ ನೆಲವನ್ನು ಹುಡುಕಿಕೊಂಡು ಶವವನ್ನು ತ್ಸೈಟ್ಸ್ ಎಂಬ ಬೇರೆ ಊರಿಗೆ ಒಯ್ದು, ಅಲ್ಲಿಯ ದೊಡ್ಡ ಚರ್ಚಿನಲ್ಲಿ ಸಮಾಧಿ ಮಾಡಿದರು. ಪುಸ್ತಕವು ಅಚ್ಚಾಗಿ ಹೊರಬಂದದ್ದು ಮರುವರ್ಷ, ೧೫೫೬ರಲ್ಲಿ.