ನಗೆ ಅನಿಲದ ಹೊರೇಸ್ ವೆಲ್ಸ್

ಹೊರೇಸ್ ವೆಲ್ಸ್ ಇವರು 1815ರ ಜನವರಿ 21ರಂದು ಅಮೆರಿಕಾ ದೇಶದ ವರ್ಮಾಂಟ್ ರಾಜ್ಯದಲ್ಲಿ ಜನಿಸಿದರು. ಮುಂದೆ ಹಲ್ಲಿನ ಡಾಕ್ಟರರಾದರು. ಆಗ ಹಲ್ಲು ಕೀಳುವಾಗ ನೋವು ತಡೀಲಾರದೆ ಜನ ಚೀರುತ್ತಿದ್ದರು.

1844ರ ಡಿಸೆಂಬರ್ 10ರಂದು ವೆಲ್ಸರು ನಗೆ ಅನಿಲದ ಪ್ರದರ್ಶನ ನೋಡಲು ಹೋದರು. ಇದರ ಹೆಸರು ನೈಟ್ರಸ್ ಆಕ್ಸೈಡ್. ಅದನ್ನು ಸೇವಿಸಿದ ಒಬ್ಬನ ಕಾಲಿಗೆ ಪೆಟ್ಟಾಗಿ ರಕ್ತ ಬಂದರೂ ಅವನಿಗೆ ನೋವು ಗೊತ್ತೇ ಆಗಲಿಲ್ಲ. ವೆಲ್ಸರು ಇದನ್ನು ಗಮನಿಸಿದರು. ಮರುದಿನ ತಾವೇ ಆ ಅನಿಲ ಎಳೆದುಕೊಂಡು ತಮ್ಮ ಹಲ್ಲನ್ನೇ ಕೀಳಿಸಿಕೊಂಡರು!

1845ರಲ್ಲಿ ಬಾಸ್ಟನ್ ನಗರದಲ್ಲಿ ಎಲ್ಲರೆದುರು ಮಾಡಿ ತೋರಿಸಿದರು. ಅನಿಲದ ಚೀಲವನ್ನು ಬೇಗ ತೆಗೆದಿದ್ದರಿಂದ ರೋಗಿ ಕೂಗಿದ. ಸೇರಿದವರು ಗೇಲಿ ಮಾಡಿದರು. 1846ರಲ್ಲಿ ಅವರ ಶಿಷ್ಯ ಮಾರ್ಟನ್ ಈಥರ್ ಬಳಸಿ ಹೆಸರು ಪಡೆದರು. ವೆಲ್ಸರು 1848ರ ಜನವರಿ 24ರಂದು ಬಹಳ ಕಷ್ಟದಲ್ಲಿ ತೀರಿಕೊಂಡರು. ಆಗ ಅವರಿಗೆ 33 ವರ್ಷ. 1864ರಲ್ಲಿ ಅಮೆರಿಕಾದ ದಂತವೈದ್ಯರ ಸಂಘ ಈ ಕೀರ್ತಿ ವೆಲ್ಸರದೇ ಎಂದು ಒಪ್ಪಿತು.

ಹಲ್ಲು ಕೀಳ್ತಾರೆ ಅಂದ್ರೆ ನಮ್ಮ ಲಿಂಗಸುಗೂರು ಕಡೆ ಸಣ್ಣ ಮಕ್ಕಳು ಅಂಜಿ ಓಡ್ತಾರೆ. ಇಂಥ ಮಕ್ಕಳಿಗೆ ದಂತವೈದ್ಯರು ಇದೇ ಅನಿಲವನ್ನು ಆಮ್ಲಜನಕದ ಜೊತೆ ಅಳತೆ ಮಾಡಿ ಮೂಗಿನಿಂದ ಕೊಡುವ ಪದ್ಧತಿ ಈಗ ಇದೆ. ಮಗು ಎಚ್ಚರವಿದ್ದೇ ಸುಮ್ಮನೆ ಕೂಡುತ್ತದೆ. ಈ ಅಳತೆ ಸಿಕ್ಕಿದ್ದು ಮತ್ತೆ ಮತ್ತೆ ಪರೀಕ್ಷೆ ಮಾಡಿದ್ದರಿಂದ. ಗೆಳೆಯರೇ, ಒಬ್ಬರ ಪ್ರಯೋಗ ಒಮ್ಮೆ ಕೆಟ್ಟಿತು ಅಂತ ನಗಬಾರದು. ಯಾಕೆ ಕೆಟ್ಟಿತು ಅಂತ ಕೇಳಬೇಕು.